ಕಿವುಡ ರಾಜ

ಜನವರಿ ೧೨

ಚೂಟಿಗೆ ಅಪ್ಪನ ಆಶೀರ್ವಾದಗಳು.

ಫೋನಿನಲ್ಲಿ ನಾನು "ಆಯ್ತು, ಆಯ್ತು" ಎಂದು ಇಟ್ಟುಬಿಡುತ್ತೇನೆ ಎಂದು ಬಯ್ದೆಯಲ್ಲ, ಅದಕ್ಕೇ ಈ ಕಾಗದ. ಬರೆಯುವಾಗಲಾದರೂ ಪೂರ್ತಿ ಹೇಳಿಯೇನು.

ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದರು. ಎಡಗಡೆಯ ಸೊಂಟದ ಕೀಲು ಸವೆದು ಹೋಗಿದೆಯಂತೆ, ಬದಲಾಯಿಸಬೇಕಂತೆ. "ಇಷ್ಟು ದಿನ ಹೇಗೆ ನಡೆದ್ರಿ?" ಎಂದು ಕೇಳಿದರು. ಅಂಗಡಿ ಮಹಡಿಯ ಮೇಲಿದೆ, ಹತ್ತದೆ ವಿಧಿಯಿಲ್ಲ ಎಂದೆ. ಜೀವಮಾನವೆಲ್ಲ ಅಂಗಡಿಯಲ್ಲಿ ಊರವರ ಹಳೆಯ ನಾಣ್ಯ ನೋಡಿ "ಸವೆದಿದೆ, ಬೆಲೆ ಬರೋದಿಲ್ಲ" ಎನ್ನುತ್ತಿದ್ದವನಿಗೆ ಈಗ ಇನ್ನೊಬ್ಬರು ಅದೇ ಮಾತು ಹೇಳಿದಂತಾಯಿತು.

ಕೆಳಗಿನ ಚಪ್ಪಲಿ ಅಂಗಡಿಯವನು ಮೆಟ್ಟಿಲ ಬುಡದಲ್ಲಿ ಒಂದು ಸ್ಟೂಲು ಹಾಕಿಟ್ಟಿದ್ದಾನೆ. ಹತ್ತುವ ಮುಂಚೆ ಅಲ್ಲಿ ಕೂರುತ್ತೇನೆ, ಇಳಿದ ಮೇಲೂ ಕೂರುತ್ತೇನೆ. ಬಂದ ಗಿರಾಕಿಗಳು ನನ್ನನ್ನು ಚಪ್ಪಲಿ ಹೊಲಿಸಲು ಬಂದವನೆಂದುಕೊಂಡು ಪಕ್ಕದಲ್ಲೇ ಹಾದುಹೋಗುತ್ತಾರೆ. ನನಗೂ ಕರೆದು ಹೇಳುವಷ್ಟು ಉಮೇದು ಉಳಿದಿಲ್ಲ.

ಆಪರೇಷನ್ನಿಗೆ ಹಣ ಬೇಕು. ನಿನ್ನನ್ನು ಕೇಳುವುದಿಲ್ಲ, ನೀನಾಗಿ ಕಳಿಸಲೂ ಬೇಡ. ಕಿವುಡ ರಾಜನನ್ನು ಮಾರಿಬಿಡೋಣ ಎಂದು ಮನಸ್ಸು ಮಾಡಿದ್ದೇನೆ. ನಾಣ್ಯದ ಅಚ್ಚು ಕೆತ್ತುವವನು ರಾಜನ ಕಿವಿ ಮರೆತು, ಯಾರೋ ಗಮನಿಸುವಷ್ಟರಲ್ಲಿ ಒಂದಷ್ಟು ನಾಣ್ಯ ಅಚ್ಚಾಗಿ, ಅವನ್ನೆಲ್ಲ ಕರಗಿಸಿದ ಕಥೆ ನಿನಗೆ ಜೋಗುಳದ ಜಾಗದಲ್ಲಿ ಹೇಳಿದ್ದೆ. ಕರಗದೆ ತಪ್ಪಿಸಿಕೊಂಡವು ಬೆರಳೆಣಿಕೆಯಷ್ಟು. ಅದರಲ್ಲಿ ನಮ್ಮದೊಂದು. ಹಲ್ಲಿನ ಡಾಕ್ಟರು ಎಷ್ಟೋ ವರ್ಷಗಳಿಂದ ಅದರ ಮೇಲೆ ಕಣ್ಣಿಟ್ಟಿದ್ದಾರೆ. ಆ ರಾಜನ ಅಷ್ಟೂ ನಾಣ್ಯ ಕೂಡಿಸಿದ್ದಾರೆ, ಇದೊಂದಿಲ್ಲ. ಶನಿವಾರ ಬಂದಾಗಲೆಲ್ಲ ತೆಗೆಸಿ ನೋಡುತ್ತಾರೆ, ಉಸಿರು ಬಿಟ್ಟು ಹಿಂದಕ್ಕೆ ಕೊಡುತ್ತಾರೆ.

ನೀನು ನಾಣ್ಯಗಳ ಹರಾಜು ಸಂಸ್ಥೆಯಲ್ಲೇ ಕೂತವಳು. ಈಗ ಮಾರುಕಟ್ಟೆ ಹೇಗಿದೆ, ಗೆಳೆಯನ ಹತ್ತಿರ ಯಾವ ಬೆಲೆ ಕೇಳಿದರೆ ನ್ಯಾಯ ಎಂದು ನಾಲ್ಕು ಸಾಲು ಬರೆ.

ಇತಿ,
ಅಪ್ಪ


ಜನವರಿ ೩೦

ಅಪ್ಪನಿಗೆ ನಮಸ್ಕಾರಗಳು.

ಕೀಲಿನ ವಿಷಯವನ್ನು ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಸಿಟ್ಟು ಬಂದಿದೆ. ಆದರೆ ಸಿಟ್ಟನ್ನು ಕಾಗದದಲ್ಲಿ ಬರೆಯಲು ಕೂತರೆ ಮುಗಿಯುವ ಹೊತ್ತಿಗೆ ಆರಿಹೋಗಿರುತ್ತದೆ. ಬಿಡಿ.

ಬೆಲೆಯ ಮಾತು. ಎರಡು ವರ್ಷದ ಹಿಂದೆ ಇಲ್ಲಿ ಒಂದು ಕಿವುಡ ರಾಜ ಹರಾಜಿಗೆ ಬಂದಿತ್ತು. ಯಾರೋ ಸರಕ್ಕೆ ಪೋಣಿಸಲು ಕೊರೆದ ತೂತು, ಅದನ್ನು ಮುಚ್ಚಲು ಹಾಕಿದ ಬೆಸುಗೆ, ಹಿಂಬದಿ ಅರ್ಧ ಅಳಿಸಿಹೋದದ್ದು. ಅದಕ್ಕೇ ಬಂದ ಹಣದಲ್ಲಿ ನಿಮ್ಮ ಎರಡೂ ಕಡೆಯ ಕೀಲು ಬದಲಾಯಿಸಿ, ಅಂಗಡಿಯನ್ನು ನೆಲ ಅಂತಸ್ತಿಗೂ ಇಳಿಸಬಹುದಿತ್ತು. ನಿಮ್ಮದು ಅದಕ್ಕಿಂತ ಎಷ್ಟೋ ಮೇಲು.

ನಿಜ ಹೇಳಬೇಕೆಂದರೆ, ಬೇರೆ ನಾಣ್ಯವಾಗಿದ್ದರೆ ನಿಮ್ಮದರ ಕೆನ್ನೆಯ ಸವೆತ, ಅಂಚಿನ ಪೆಟ್ಟು ನೋಡಿ 'ಮಧ್ಯಮ' ಎಂದು ಚೀಟಿ ಬರೆದು ತಟ್ಟೆಗೆ ಹಾಕಿ ಮುಂದಿನದನ್ನು ಎತ್ತಿಕೊಳ್ಳುತ್ತಿದ್ದೆ. ಇದಕ್ಕಿಂತ ಚೆನ್ನಾಗಿರುವುದನ್ನು ಯಾರೂ ಕಂಡಿಲ್ಲ, ಅದಕ್ಕೇ ಇದು ಚೆನ್ನ. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತೀರಲ್ಲ, ಹಾಗೆ. ಡಾಕ್ಟರಿಗೇ ಕೊಡಿ. ಹರಾಜಿಗೆ ಹಾಕಿದರೆ ನಮ್ಮ ಯಜಮಾನರು ತಮ್ಮ ಪಾಲು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ.

ನನ್ನ ಕೆಲಸ ಇದ್ದ ಹಾಗೇ ಇದೆ. ಮೇಜಿನ ಮೇಲೆ ದೀಪ, ಕೈಗೆ ಬಟ್ಟೆಯ ಗವಸು, ಕಣ್ಣಿಗೆ ಭೂತಗನ್ನಡಿ. ಸಾಯಂಕಾಲ ಬೀದಿಗಿಳಿದರೆ ಎದುರು ಬಂದವರ ಮುಖದಲ್ಲೂ ಮೊದಲು ಕೆನ್ನೆ ಸವೆದಿದೆಯೇ ಎಂದು ನೋಡುತ್ತೇನೆ. ಕೋಣೆಗೆ ಬಂದು ದೀಪ ಹಾಕಲು ಮನಸ್ಸಾಗದೆ ಹಾಗೇ ಸ್ವಲ್ಪ ಹೊತ್ತು ಕೂತಿರುತ್ತೇನೆ.

ಆಪರೇಷನ್ನಿನ ದಿನ ಗೊತ್ತಾದ ಕೂಡಲೇ ತಿಳಿಸಿ. ರಜೆ ಕೇಳಬೇಕು.

ನಿಮ್ಮ,
ಚೂಟಿ


ಫೆಬ್ರವರಿ ೧೮

ಚೂಟಿಗೆ ಆಶೀರ್ವಾದಗಳು.

ಮಾತು ಕುದುರಿತು. ನೀನು ಬರೆದದ್ದಕ್ಕಿಂತ ಸ್ವಲ್ಪ ಇಳಿಸಿಯೇ ಹೇಳಿದೆ, ಅವರು ಸ್ವಲ್ಪ ಏರಿಸಿಯೇ ಒಪ್ಪಿದರು. ಇಬ್ಬರೂ ಉಲ್ಟಾ ಚೌಕಾಸಿ ಮಾಡಿದ್ದನ್ನು ನೋಡಿದ್ದರೆ ಯಾವ ವ್ಯಾಪಾರಿಯೂ ನಮ್ಮನ್ನು ಅಂಗಡಿಯಿಂದಾಚೆ ನೂಕುತ್ತಿದ್ದ.

ಡಾಕ್ಟರು ಕ್ಲಿನಿಕ್ಕಿನ ಬಾಗಿಲು ಮುಚ್ಚಿ ಒಂದು ವರ್ಷವಾಯಿತಲ್ಲ. ಕೈ ನಡುಗುತ್ತದೆ, ಇನ್ನೊಬ್ಬರ ಬಾಯಿಗೆ ಹಾಕಲು ಧೈರ್ಯವಿಲ್ಲ ಎಂದು ತಾವೇ ನಿಲ್ಲಿಸಿದರು. ಆಮೇಲೆ ಹೆಂಡತಿಯೂ ಹೋದರು. ಈಗ ಉಳಿದಿರುವುದು ಬ್ಯಾಂಕಿನಲ್ಲಿಟ್ಟ ಒಂದು ಇಡುಗಂಟು, ಅದೂ ಮೇ ತಿಂಗಳಲ್ಲಿ ಕೈಗೆ ಬರುತ್ತದಂತೆ. "ಪೂರ್ತಿ ಅದಕ್ಕೇ ಹಾಕಿಬಿಟ್ರೆ ಮುಂದೆ ಹೇಗೆ ಡಾಕ್ಟ್ರೇ?" ಎಂದು ಕೇಳಿದೆ. ಬಾಡಿಗೆ ಬರುತ್ತದೆ, ಒಬ್ಬನ ಹೊಟ್ಟೆಗೆ ಸಾಕು, ಬೇಕೆಂದಾಗ ಮತ್ತೆ ಮಾರಿದರೆ ಹೋಯಿತು, ಇದರ ಬೆಲೆ ಇಳಿಯುವ ಮಾತೇ ಇಲ್ಲವಲ್ಲ ಎಂದರು. ನಾನೂ ಹೌದೆಂದೆ.

ನಾಣ್ಯವನ್ನು ಅವರ ಅಂಗೈ ಮೇಲೆ ಇಟ್ಟೆ. ಕೈ ನಡುಗಿ ಬೀಳಿಸಿಯಾರೆಂದು ಕೆಳಗೆ ನನ್ನ ಅಂಗೈ ಒಡ್ಡಿದ್ದೆ. ಬೀಳಲಿಲ್ಲ. ದುಡ್ಡು ಕೊಡುವ ತನಕ ನಿಮ್ಮಲ್ಲೇ ಇರಲಿ ಎಂದು ಹಿಂದಕ್ಕೆ ಕೊಟ್ಟರು.

ಅದೇ ದಿನ ಒಬ್ಬ ಹೆಂಗಸು ಅಜ್ಜನ ನಾಣ್ಯದ ಡಬ್ಬಿ ತಂದಿದ್ದಳು. ಒಳ್ಳೆಯ ಹಳೆಯ ಬೆಳ್ಳಿ. ತರುವ ಮುಂಚೆ ಎಲ್ಲವನ್ನೂ ಹಲ್ಲಿನ ಪೇಸ್ಟು ಹಾಕಿ ಉಜ್ಜಿ ಪಳಪಳ ಮಾಡಿದ್ದಾಳೆ. ನೂರು ವರ್ಷದ ಕಪ್ಪು, ಅದರಡಿಯ ಹೊಳಪು, ಎರಡೂ ತೊಳೆದು ಮೋರಿಗೆ ಹೋಗಿದೆ. ನಾನು ಬೆಲೆ ಹೇಳಿದಾಗ ಅವಳ ಮುಖ ಚಿಕ್ಕದಾಯಿತು. ಕೊಳೆಯಾಗಿ ಇದ್ದಿದ್ದರೆ ನಾಲ್ಕು ಪಟ್ಟು ಕೊಡುತ್ತಿದ್ದೆ ಎನ್ನಲು ಬಾಯಿ ಬರಲಿಲ್ಲ. "ಚೆನ್ನಾಗಿ ಉಜ್ಜಿದ್ದೀರಮ್ಮ" ಎಂದೆ. ಡಾಕ್ಟರು ಮಾತ್ರ, ಪೇಸ್ಟನ್ನು ಹಲ್ಲಿಗೇ ಹಾಕಿ ಎಂದು ಊರಿಗೆಲ್ಲ ಹೇಳಿ ಸಾಕಾಯಿತು ಎಂದರು. ಅವಳಿಗೂ ನಗು ಬಂತು.

ಮೇ ತನಕ ಕಾಲು ಎಳೆದುಕೊಂಡು ಹೋದರಾಯಿತು.

ಇತಿ,
ಅಪ್ಪ


ಮಾರ್ಚ್ ೯

ಅಪ್ಪನಿಗೆ ನಮಸ್ಕಾರಗಳು.

ನಾನು ಕ್ಷೇಮ. ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ.

ಮೇ ತನಕ ಕಾಯಬೇಡಿ. ಡಾಕ್ಟರು ಇಡುಗಂಟನ್ನು ಮುರಿಸಿದರೆ ಬಡ್ಡಿ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ. ಬೇಗ ಮಾರಿಬಿಡಿ. ನೋವಿಟ್ಟುಕೊಂಡು ಮೆಟ್ಟಿಲು ಹತ್ತುವುದು ಒಳ್ಳೆಯದಲ್ಲ ಎಂದು ಹೇಳುತ್ತಿದ್ದೇನೆ.

ಕೆಲಸ ಜಾಸ್ತಿಯಿದೆ. ಮತ್ತೆ ಬರೆಯುತ್ತೇನೆ.

ನಿಮ್ಮ,
ಚೂಟಿ


ಮಾರ್ಚ್ ೨೯

ಚೂಟಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಚಪ್ಪಲಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಓದಿದೆ. ಮೇಲೆ ಹೋಗಿ ಮತ್ತೆ ಓದಿದೆ. ಇಷ್ಟು ಚಿಕ್ಕ ಕಾಗದವನ್ನು ನೀನು ಯಾವತ್ತೂ ಬರೆದವಳಲ್ಲ. ಜನವರಿಯಲ್ಲಿ ಇಲ್ಲದ ಅವಸರ ಮಾರ್ಚಿನಲ್ಲಿ ಬಂದಿದೆ. ನನ್ನ ಕಾಲು ಆಗಲೂ ನೋಯುತ್ತಿತ್ತು.

ನಾಣ್ಯದ ಬೆಲೆ ಏರಲು ಹತ್ತು ಕಾರಣ ಇರುತ್ತವೆ. ಹೀಗೆ ಒಮ್ಮೆಲೇ ಬಿದ್ದೀತೆಂದು ಹೆದರಲು ಒಂದೇ. ನಾನು ಏನನ್ನೂ ಕೇಳುವುದಿಲ್ಲ, ನೀನೂ ಏನನ್ನೂ ಬರೆಯಬೇಡ. ಒಳಗಿನ ಮಾತು ಹೊರಗೆ ಬಿದ್ದರೆ ನಿನ್ನ ಕೆಲಸ ಹೋಗುತ್ತದೆ, ಬೇರೆ ಯಾವ ಹರಾಜಿನವರೂ ಹತ್ತಿರ ಸೇರಿಸುವುದಿಲ್ಲ. ಅಷ್ಟು ನನಗೆ ಗೊತ್ತು.

ಹೋದ ಭಾನುವಾರ ಡಾಕ್ಟರ ಮನೆಗೆ ಹೋದೆ. ಅವರು ಆಲ್ಬಮ್ಮನ್ನು ಒರೆಸಿ ಮೇಜಿನ ಮೇಲೆ ಬಿಡಿಸಿಟ್ಟಿದ್ದರು, ಖಾಲಿ ಗುಳಿ ಇದ್ದ ಪುಟವನ್ನೇ. ಕೂರುವ ಮುಂಚೆಯೇ ಹೇಳಿಬಿಟ್ಟೆ, ಮಾರುವುದಿಲ್ಲ, ಮನಸ್ಸು ಬದಲಾಯಿಸಿದ್ದೇನೆ ಎಂದು.

"ಬೇರೆ ಗಿರಾಕಿ ಸಿಕ್ಕಿದ್ನಾ?" ಎಂದರು.

"ಇಲ್ಲ."

"ಬೆಲೆ ಸಾಲ್ದಾ? ಹೇಳಿ, ಇನ್ನೂ ಸ್ವಲ್ಪ ಸೇರಿಸ್ತೀನಿ."

ಅದೂ ಅಲ್ಲ ಎಂದೆ. ಮತ್ತೆ ಯಾಕೆ ಎಂದು ಕೇಳಿದರು. ಸುಳ್ಳನ್ನಾದರೂ ಹೇಳಬಹುದಿತ್ತು. ನಿನ್ನಮ್ಮನ ನೆನಪಿಗೆ ಇಟ್ಟುಕೊಳ್ಳುತ್ತೇನೆ ಎಂದಿದ್ದರೆ ನಂಬುತ್ತಿದ್ದರು. ಆದರೆ ಹೋದವಳನ್ನು ಅದಕ್ಕೆ ಎಳೆಯಲು ಮನಸ್ಸು ಒಪ್ಪಲಿಲ್ಲ. ಅವರು ಆಲ್ಬಮ್ಮನ್ನು ನಿಧಾನವಾಗಿ ಮುಚ್ಚಿದರು. "ನಾನು ನಿಮ್ಮನ್ನ ವ್ಯಾಪಾರಿ ಅಂತ ಯಾವತ್ತೂ ನೋಡ್ಲಿಲ್ಲ ಸಾಹುಕಾರ್ರೇ" ಎಂದರು. ತಮಾಷೆಗೆ ಕರೆಯುತ್ತಿದ್ದ ಹೆಸರು ಅದು. ಅವತ್ತು ಅದರಲ್ಲಿ ತಮಾಷೆ ಇರಲಿಲ್ಲ.

ನಿನ್ನೆ ಶನಿವಾರ. ಅವರು ಬರಲಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಹೀಗೇ. ಮಧ್ಯದಲ್ಲಿ ನಿಂತವನ ಕೈ ಸೋಲುತ್ತದೆ. ನಿನ್ನ ಮೇಲೆ ಬೇಸರವಿಲ್ಲ. ನೀನು ಯಾಕೆ ಬರೆದೆ ಎಂದು ನನಗೆ ಗೊತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇತಿ,
ಅಪ್ಪ


ಮೇ ೫

ಚೂಟಿಗೆ ಆಶೀರ್ವಾದಗಳು.

ನಿನ್ನಿಂದ ಕಾಗದವಿಲ್ಲ. ಫೋನು ಮಾಡಿದಾಗಲೂ ಈಗ ನೀನೇ "ಆಯ್ತು, ಆಯ್ತು" ಎಂದು ಇಡುತ್ತೀಯ. ನನ್ನ ರೋಗ ನಿನಗೆ ಅಂಟಿತು.

ಈಗ ಕೋಲು ಹಿಡಿದು ನಡೆಯುತ್ತೇನೆ. ಅಂಗಡಿ ವಾರಕ್ಕೆ ಮೂರು ದಿನ ಮಾತ್ರ. ಡಾಕ್ಟರು ದಾರಿಯಲ್ಲಿ ಸಿಕ್ಕಿದ್ದರು, ನಮಸ್ಕಾರ ಹೇಳಿ ಹೋದರು. ಅಪರಿಚಿತರಿಗೆ ಹೇಳುವಂಥ ನಮಸ್ಕಾರ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಇತಿ,
ಅಪ್ಪ


ಜೂನ್ ೧೪

ಅಪ್ಪನಿಗೆ ನಮಸ್ಕಾರಗಳು.

ಇವತ್ತು ಪತ್ರಿಕೆಗಳಿಗೆ ಸುದ್ದಿ ಕೊಟ್ಟರು. ಇನ್ನು ಬರೆಯಬಹುದು.

ಹಳೆಯ ಟಂಕಸಾಲೆಯ ಪಕ್ಕದ ಕಟ್ಟಡವೊಂದನ್ನು ಕೆಡವುವಾಗ ಗೋಡೆಯ ಸಂದಿನಲ್ಲಿ ಮುಚ್ಚಿಟ್ಟ ಪೀಪಾಯಿ ಸಿಕ್ಕಿತು. ಕರಗಿಸಬೇಕಾಗಿದ್ದವನ್ನು ಯಾರು ಅಲ್ಲಿ ಇಟ್ಟರೋ, ಯಾಕೆ ಇಟ್ಟರೋ, ತಿಳಿಯದು. ಮಾರ್ಚಿನ ಎರಡನೆಯ ವಾರ ಅದು ನಮ್ಮ ಕೋಣೆಗೆ ಬಂತು. ಯಜಮಾನರು ಬಾಗಿಲು ಹಾಕಿಸಿ, ಹೊರಗೆ ಬಾಯಿ ಬಿಡುವುದಿಲ್ಲ ಎಂದು ನಮ್ಮೆಲ್ಲರಿಂದ ಮಾತು ತೆಗೆದುಕೊಂಡರು. ನನ್ನ ಮೇಜಿನ ಮೇಲೆ ಸುರಿದರು. ಕಿವಿಯಿಲ್ಲದ ರಾಜರು, ರಾಶಿರಾಶಿ. ಒಂದು ಜೇಬನ್ನೂ ಕಾಣದವು, ಒಂದು ಕೈಯೂ ಮುಟ್ಟದವು. ಕೆನ್ನೆಯ ಮೇಲೆ ಅಚ್ಚಿನಿಂದ ಇಳಿದ ದಿನದ ಹೊಳಪು ಹಾಗೇ ಇದೆ. ನೀವು ಕಥೆ ಹೇಳುವಾಗ ನಾನು ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳುತ್ತಿದ್ದದ್ದು ಇಂಥದನ್ನೇ. ಕಂಡಾಗ ಸಂತೋಷವಾಗಬೇಕಿತ್ತು. ಚೀಟಿಯ ಮೇಲೆ ಚೀಟಿ 'ಅತ್ಯುತ್ತಮ' ಎಂದು ಬರೆಯುತ್ತಾ ಹೋದಂತೆ ನಿಮ್ಮದು ಸಾಲಿನ ಕೊನೆಗೆ ಸರಿಯುತ್ತಾ ಹೋಯಿತು. ಅದಕ್ಕೆ ಏನೂ ಆಗಿರಲಿಲ್ಲ, ನಿಮ್ಮ ಡ್ರಾಯರಿನಲ್ಲಿ ಹತ್ತಿಯೊಳಗೆ ಮಲಗಿತ್ತು. ಆ ಸಾಯಂಕಾಲ ನಿಮಗೆ ಬರೆದೆ.

ಇನ್ನೊಂದು ವಿಷಯ. ನಮ್ಮ ಯಜಮಾನರ ಹತ್ತಿರ ಸ್ವಂತದ್ದು ಎರಡು ಇದ್ದವು, ನಿಮ್ಮದರಂತೆಯೇ ಸವೆದವು. ಏಪ್ರಿಲಿನಲ್ಲಿ ಅವನ್ನು ಒಬ್ಬ ನಿವೃತ್ತ ಮೇಷ್ಟರಿಗೆ ಹಳೆಯ ಬೆಲೆಗೇ ಮಾರಿದರು. ಅವಕ್ಕೆ ಚೀಟಿ ಬರೆದವಳು ನಾನು. ದರ್ಜೆ ಸರಿಯಾಗಿಯೇ ಬರೆದೆ. ಮೇಷ್ಟರು ನನ್ನ ಕೈ ಕುಲುಕಿ, "ನೀವು ಬರೆದ್ರೆ ನಂಬ್ಕೋಬಹುದು ಅಂತ ಎಲ್ರೂ ಹೇಳ್ತಾರೆ" ಎಂದರು. ನಾನು ನಕ್ಕೆ. ಈಗಲೂ ಆ ನಗು ಮುಖದ ಮೇಲೆ ಅಂಟಿಕೊಂಡಂತಿದೆ.

ಅವರು ಮಾಡಿದ್ದೂ, ನಾನು ನಿಮಗೆ ಮಾಡಿ ಎಂದದ್ದೂ ಒಂದೇ ಅಲ್ಲವೇ ಅಪ್ಪ?

ಬೆಳಿಗ್ಗೆ ಎದ್ದರೆ ಗವಸು ಹಾಕಿಕೊಳ್ಳಲು ಕೈ ಬರುತ್ತಿಲ್ಲ. ಬಿಟ್ಟು ಬಂದುಬಿಡಲೇ ಅನಿಸುತ್ತಿದೆ.

ನಿಮ್ಮ,
ಚೂಟಿ


ಜುಲೈ ೬

ಚೂಟಿಗೆ ಆಶೀರ್ವಾದಗಳು.

ಸುದ್ದಿ ಇಲ್ಲಿಗೂ ಬಂತು. ನಾಣ್ಯ ಸಂಘದ ಪತ್ರಿಕೆಯ ಮೊದಲ ಪುಟದಲ್ಲೇ ಫೋಟೋ ಹಾಕಿದ್ದರು. ಭೂತಗನ್ನಡಿ ಇಟ್ಟು ನೋಡಿದೆ. ಎಷ್ಟು ಚೆಂದ ಇದೆಯೇ ಆ ಮುಖ! ನನ್ನದರಲ್ಲಿ ಸವೆದುಹೋದ ರೆಪ್ಪೆ ಅದರಲ್ಲಿ ಒಂದೊಂದಾಗಿ ಕಾಣುತ್ತದೆ. ಇಷ್ಟು ವರ್ಷ ಅವನು ಕಣ್ಣು ಮುಚ್ಚಿದ್ದಾನೆಂದೇ ತಿಳಿದಿದ್ದೆ. ತೆರೆದಿದ್ದಾನೆ.

ಅಂಗಡಿ ಕೊಟ್ಟುಬಿಟ್ಟೆ. ಮುಖ್ಯ ಬೀದಿಯ ದೊಡ್ಡ ವ್ಯಾಪಾರಿ ಬಂದು ಇದ್ದಬದ್ದದ್ದನ್ನೆಲ್ಲ ಒಟ್ಟಿಗೇ ತೆಗೆದುಕೊಂಡ, ಡ್ರಾಯರುಗಳ ಸಮೇತ. ಆಪರೇಷನ್ನಿಗೆ ಸಾಕಾಗುತ್ತದೆ. ಬಿಡಿಬಿಡಿಯಾಗಿ ಮಾರಿದ್ದರೆ ಇನ್ನೂ ಬರುತ್ತಿತ್ತು, ಆದರೆ ಒಂದೊಂದನ್ನೇ ಹೊಗಳುವ ಶಕ್ತಿ ನನ್ನಲ್ಲಿಲ್ಲ. ಕಿವುಡ ರಾಜನ ಡ್ರಾಯರು ಬಂದಾಗ ನಾನೇ ಎತ್ತಿ ತೋರಿಸಿದೆ. "ಹಾಂ, ಇದು ಈಗ ಎಲ್ಲ ಕಡೆ ಸಿಗುತ್ತೆ" ಎಂದು, ಹತ್ತಿಯನ್ನು ಆಚೆ ಹಾಕಿ, ಬೇರೆ ಬೆಳ್ಳಿಯ ಜೊತೆ ಚೀಲಕ್ಕೆ ಬಿಟ್ಟ. ಸದ್ದಾಯಿತು. ನನಗೆ ಅಳು ಬರುತ್ತದೆ ಎಂದುಕೊಂಡಿದ್ದೆ, ಹಸಿವಾಯಿತು. ಕೆಳಗಿಳಿದು ಚಪ್ಪಲಿಯವನ ಡಬ್ಬಿಯಲ್ಲೇ ಊಟ ಮಾಡಿದೆ. ಬಹಳ ದಿನದ ಮೇಲೆ ರುಚಿ ಗೊತ್ತಾಯಿತು.

ನಿನ್ನ ಪ್ರಶ್ನೆ. ಅದನ್ನು ಹಲವು ದಿನ ತಲೆಯಲ್ಲಿಟ್ಟುಕೊಂಡು ತಿರುಗಿದೆ. ಒಂದೇ ಎಂದರೆ ನಿನಗೆ ಅನ್ಯಾಯ. ನೀನು ನನ್ನ ಕಾಲಿಗಾಗಿ ಬರೆದೆ, ನಿನ್ನ ಜೇಬಿಗಲ್ಲ. ಬೇರೆ ಎಂದರೆ ಡಾಕ್ಟರಿಗೆ ಅನ್ಯಾಯ. ದುಡ್ಡು ಕಳೆದುಕೊಂಡವನಿಗೆ ಅದು ಯಾರ ಕಾಲಿಗೆ ಹೋದರೇನು? ಇದಕ್ಕೆ ನನ್ನಲ್ಲಿ ದರ್ಜೆಯ ಚೀಟಿ ಇಲ್ಲ. ನಿನ್ನ ಕಾಗದ ಓದಿದ ಆ ಒಂದು ರಾತ್ರಿ ನಾನೂ ಮಾರಿಬಿಡೋಣ ಎಂದೇ ಮಲಗಿದ್ದೆ. ಬೆಳಿಗ್ಗೆ ಎದ್ದಾಗ ಅವರ ನಡುಗುವ ಕೈ ನೆನಪಾಯಿತು. ನೆನಪಾಗದಿದ್ದರೆ ಏನು ಮಾಡುತ್ತಿದ್ದೆನೋ, ಹೇಳಲಾರೆ.

ಕೆಲಸ ಬಿಡುವುದಾದರೆ ಬಿಡು, ಆದರೆ ಸುಸ್ತಾದ ದಿನ ಬಿಡಬೇಡ. ಒಂದು ಭಾನುವಾರ ಚೆನ್ನಾಗಿ ನಿದ್ದೆ ಮಾಡಿ, ಎದ್ದ ಮೇಲೂ ಬಿಡಬೇಕು ಅನಿಸಿದರೆ ಬಿಡು. ಮೇಷ್ಟರ ವಿಳಾಸ ನಿನ್ನ ಹತ್ತಿರ ಇದ್ದರೆ ಒಮ್ಮೆ ಹೋಗಿ ಕಂಡು ಬಾ. ಏನು ಹೇಳಬೇಕು ಎಂದು ನನ್ನನ್ನು ಕೇಳಬೇಡ.

ಆಪರೇಷನ್ ಸೆಪ್ಟೆಂಬರಿನಲ್ಲಿ. ಜೊತೆಗೆ ಯಾರಿರುತ್ತಾರೆ ಎಂದು ಆಸ್ಪತ್ರೆಯವರು ಕೇಳಿದರು. ನೋಡೋಣ ಎಂದೆ.

ಇತಿ,
ಅಪ್ಪ


ಆಗಸ್ಟ್ ೨೦

ಅಪ್ಪನಿಗೆ ನಮಸ್ಕಾರಗಳು.

ಮೇಷ್ಟರನ್ನು ಕಂಡೆ. ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ, ಒಳಗೆ ಹೋಗಿ ಹೆಂಡತಿಗೆ ಏನೋ ಹೇಳಿ ಬಂದರು. ಪೀಪಾಯಿ ನಿಮ್ಮ ಕೋಣೆಗೆ ಬಂದದ್ದು ಯಾವಾಗ ಎಂದು ಬರೆದುಕೊಡುತ್ತೀರಾ ಎಂದರು. ಬರೆದು ರುಜು ಹಾಕಿಕೊಟ್ಟೆ. ಅದನ್ನಿಟ್ಟುಕೊಂಡು ಯಜಮಾನರನ್ನು ಕೇಳುತ್ತಾರಂತೆ. ಕಳೆದ ವಾರ ಯಜಮಾನರು ನನ್ನನ್ನು ಕರೆದು, ಗವಸು, ಭೂತಗನ್ನಡಿ ಎರಡನ್ನೂ ಮೇಜಿನ ಮೇಲಿಟ್ಟು ಹೋಗಲು ಹೇಳಿದರು. ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದ ದಿನವೇ ಅದು. ನಿಮ್ಮ ಮಾತು ಮೀರಿಲ್ಲ.

ಸಂಬಳದ ಲೆಕ್ಕ ಮುಗಿಯುವ ತನಕ ಇಲ್ಲಿಂದ ಹೊರಡಲಾಗುವುದಿಲ್ಲ. ಆಪರೇಷನ್ನಿನ ದಿನಕ್ಕೆ ತಲುಪುತ್ತೇನೋ ಇಲ್ಲವೋ ಎಂಬುದೇ ಚಿಂತೆ. ಡಾಕ್ಟರಿಗೆ ನಾನೊಂದು ಕಾಗದ ಹಾಕಲೇ ಎಂದು ಕೂತು, ಬರೆದು, ಹರಿದೆ.

ನಿಮ್ಮ,
ಚೂಟಿ


ಸೆಪ್ಟೆಂಬರ್ ೨೧

ಮಗಳೇ,

ಅಕ್ಷರ ನೋಡಿ ಗಾಬರಿಯಾಗಬೇಡ. ಬರೆಯುತ್ತಿರುವುದು ನಾನು, ಹಲ್ಲಿನ ಡಾಕ್ಟರು. ನಿನ್ನ ಹಾಲುಹಲ್ಲು ಕಿತ್ತು ಒದೆಸಿಕೊಂಡವನು. ನಿನ್ನಪ್ಪ ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಸಾಲು ಡೊಂಕಾಗಿದ್ದರೆ ಕೈಯದು, ಮಾತು ಡೊಂಕಾಗಿದ್ದರೆ ಅವರದು.

ಆಪರೇಷನ್ ಮೊನ್ನೆ ಆಯಿತು. ಚೆನ್ನಾಗಿ ಆಗಿದೆ, ನೀನು ಅವಸರ ಮಾಡಿ ಬರಬೇಕಿಲ್ಲ, ಲೆಕ್ಕ ಚುಕ್ತಾ ಮಾಡಿಕೊಂಡೇ ಬಾ ಎನ್ನುತ್ತಿದ್ದಾರೆ. ಆಸ್ಪತ್ರೆಯ ಗಂಜಿಗೆ ಉಪ್ಪಿಲ್ಲ ಎನ್ನುತ್ತಿದ್ದಾರೆ. ಹೊಸ ಕೀಲು ಲೋಹದ್ದಂತೆ, ಅದಕ್ಕೆ ಯಾರೂ ಪೇಸ್ಟು ಹಾಕಿ ಉಜ್ಜದಂತೆ ನೋಡಿಕೊಳ್ಳಿ ಎಂದು ನರ್ಸಿಗೆ ಹೇಳಿದರಂತೆ. ಪಾಪ, ಆಕೆಗೆ ಅರ್ಥವಾಗಲಿಲ್ಲ. ಇನ್ನೂ ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, ಅದನ್ನು ನೀನು ಬಂದ ಮೇಲೆ ಹೇಳುತ್ತೇನೆ ಎಂದರು. ಈಗ ನಿದ್ದೆ ಹತ್ತಿದೆ.

ಇಲ್ಲಿಂದ ಮುಂದಿನದು ನನ್ನದೇ ಮಾತು.

ಮಾರ್ಚಿನಿಂದ ನಾನು ಈ ಮನುಷ್ಯನ ಜೊತೆ ಮಾತು ಬಿಟ್ಟಿದ್ದೆ. ಸಂಘದ ಪತ್ರಿಕೆ ಬಂದಾಗ ಫೋಟೋ ನೋಡಿ ಮೊದಲು ಬಂದದ್ದು ನಗು. ಮಾರದೆ ಇಟ್ಟುಕೊಂಡು ಕೈ ಸುಟ್ಟುಕೊಂಡನಲ್ಲ, ತಕ್ಕ ಶಾಸ್ತಿಯಾಯಿತು ಎಂದು. ಅಷ್ಟು ಕೀಳಾಗಿದ್ದೆ. ಕಾಫಿ ಕುಡಿಯುತ್ತಾ ಪೂರ್ತಿ ಓದಿದೆ. ಪೀಪಾಯಿ ಸಿಕ್ಕಿದ ತಿಂಗಳು ಅದರಲ್ಲಿ ಬರೆದಿತ್ತು, ಯಾವ ಹರಾಜು ಸಂಸ್ಥೆಗೆ ಬಂತೆಂದೂ ಬರೆದಿತ್ತು. ಕಾಫಿ ಅರ್ಧಕ್ಕೆ ಇಟ್ಟೆ. ಆಮೇಲೆ ನನಗೆ ಬಹಳ ದಿನ ಅವರ ಮನೆಯ ಕಡೆ ಹೋಗಲು ಕಾಲೇಳಲಿಲ್ಲ. ಒಬ್ಬ ಮನುಷ್ಯನಿಗೆ ಕಾಲು ನೋವು, ಇನ್ನೊಬ್ಬನಿಗೆ ಮುಖ ತೋರಿಸಲು ನಾಚಿಕೆ. ಹೀಗೇ ಜೂನ್, ಜುಲೈ, ಆಗಸ್ಟ್ ಕಳೆದವು. ಕೊನೆಗೆ ಚಪ್ಪಲಿಯವನು ಬಂದು, ಸಾಹುಕಾರರು ಒಬ್ಬರೇ ಆಸ್ಪತ್ರೆಗೆ ಸೇರುತ್ತಿದ್ದಾರೆ ಎಂದ.

ಬಾಗಿಲು ತೆರೆದಾಗ ನಿನ್ನಪ್ಪ ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು. ನಾನು ಯಾವುದಾದರೂ ಒಳ್ಳೆಯ ಮಾತು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. "ಟವೆಲ್ಲು ಹಾಕಿದ್ದೀರಾ?" ಎಂದಷ್ಟೇ ಹೊರಟಿತು. "ಇಲ್ಲ, ಮರೆತೆ" ಎಂದರು. ನಾನು ಟವೆಲ್ಲು ಹುಡುಕಿ ತಂದೆ. ನಾಣ್ಯದ ಬಗ್ಗೆ ನಮ್ಮಿಬ್ಬರ ನಡುವೆ ಆದ ಮಾತು ಅಷ್ಟೇ. ಬೆಲೆ ಬೀಳುವುದು ಅವರಿಗೆ ಮೊದಲೇ ಹೇಗೆ ತಿಳಿಯಿತು ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನಿನ್ನನ್ನಂತೂ ಕೇಳುವುದೇ ಇಲ್ಲ. ನೀನು ಕೆಲಸ ಕಳೆದುಕೊಂಡದ್ದು ಮಾತ್ರ ಗೊತ್ತು.

ಮೇ ತಿಂಗಳಲ್ಲಿ ಬಂದ ನನ್ನ ಇಡುಗಂಟು ಬ್ಯಾಂಕಿನಲ್ಲೇ ಇದೆ. ಅದು ಇರುವುದರಿಂದಲೇ ನಾನು ಇಲ್ಲಿ ಹದಿನೈದು ದಿನ ಆಸ್ಪತ್ರೆ ಪಕ್ಕದ ಬಾಡಿಗೆ ಕೋಣೆಯಲ್ಲಿ ಇರಲು ಸಾಧ್ಯವಾಗಿದೆ. ಇದನ್ನು ಅವರಿಗೆ ಹೇಳಿದೆ. ಗೋಡೆ ಕಡೆ ಮುಖ ತಿರುಗಿಸಿ, "ಕಿಟಕಿ ಮುಚ್ಚಿ, ಗಾಳಿ ಬರ್ತಿದೆ" ಎಂದರು. ಕಿಟಕಿ ಮುಚ್ಚಿಯೇ ಇತ್ತು.

ನಾಳೆ ಬೆಳಿಗ್ಗೆ ಅವರನ್ನು ಎಬ್ಬಿಸಿ ನಡೆಸುತ್ತಾರಂತೆ. ಒಂದು ಕಡೆ ನರ್ಸು, ಇನ್ನೊಂದು ಕಡೆ ನಾನು. ನಡುಗುವ ಕೈಯವನು ಹಿಡಿದರೆ ಹೇಗೆ ಎಂದು ನರ್ಸಿಗೆ ಅನುಮಾನ. ನಿನ್ನಪ್ಪನೇ, "ಇರ್ಲಿ ಬಿಡಮ್ಮ, ಅವ್ರು ಬೀಳ್ಸಲ್ಲ" ಎಂದರು.

ಹಿತೈಷಿ,
ಹಲ್ಲಿನ ಡಾಕ್ಟರು